ಸಜ್ದಾದಲ್ಲಿ ಸತ್ತವಳು

ಶಕೀಲಾ ನಮಾಜಿನ ಚಾಪೆಯ ಮೇಲೆ, ಸಜ್ದಾದಲ್ಲಿ ಹಣೆ ನೆಲಕ್ಕೆ ಮುಟ್ಟಿಸಿದಂತೆಯೇ ಸತ್ತಳಂತೆ. ವಯಸ್ಸಿನ ಹುಡುಗಿ ಏಕೆ ಸತ್ತಳು ಎಂದು ಶಿಡ್ಲಘಟ್ಟದಲ್ಲಿ ಒಬ್ಬರೂ ಕೇಳಲಿಲ್ಲ. ಎಂಥ ನಸೀಬು, ಎಂಥ ಸಾವು ಎಂದು ಕೊಂಡಾಡಿದ್ದೇ ಕೊಂಡಾಡಿದ್ದು. ಬೆಳಗಿನ ಜಾವ ಮೊದಲು ಕಂಡವರು ಅವಳ ಮಾವ, ಹೆಂಡತಿ ಸತ್ತು ಒಂಟಿಯಾಗಿದ್ದ ಉಸ್ಮಾನ್ ಸಾಬ್. ಮಸೀದಿ ಕಮಿಟಿಯ ಹಿರಿಯರು. ಅವರು ಹೇಳಿದ ಮೇಲೆ ಡಾಕ್ಟರು ಯಾಕೆ, ಪೊಲೀಸು ಯಾಕೆ! ಗಂಡ ಬಷೀರ್ ರಾತ್ರಿಯೆಲ್ಲ ಹಿತ್ತಲಲ್ಲಿ ರೇಷ್ಮೆ ನೂಲು ತೆಗೆಯುವ ರೀಲಿಂಗ್ ಶೆಡ್ಡಿನಲ್ಲಿದ್ದೆ ಎಂದ.

ಚಿಂತಾಮಣಿಯಿಂದ ಬಂದ ಶಕೀಲಾಳ ತಾಯಿ ವಜೀರುನ್ನೀಸಾಗೆ ಅನುಮಾನವಿದ್ದದ್ದು ಬಷೀರನ ಮೇಲೆ. ಹೆಂಡತಿಯ ಮೇಲೆ ಕೈಮಾಡುವವನು ಅವನು. ಮಗಳಿಗೆ ಕೊನೆಯ ಸ್ನಾನ ತಾನೇ ಮಾಡಿಸುವುದಾಗಿ ಹಟ ಹಿಡಿದು, ಹೆಣ ತೊಳೆಯುವ ಷಮೀಮ್ ಬೀ ಜೊತೆ ಪರದೆಯೊಳಗೆ ಹೋದಳು.

ಬಾಯಿ ಒರೆಸುವಾಗ ತುಟಿಯ ಒಳಗೆ ಹಲ್ಲು ನಾಟಿ ಹರಿದಿದ್ದು ಕಂಡಿತು. ಯಾರೋ ದಿಂಬು ಒತ್ತಿದ್ದರು. ಉಡುಪು ತೆಗೆದಾಗ ಮಡಿಸಿ ಕಟ್ಟಿಕೊಂಡಿದ್ದ ಬಟ್ಟೆ ಕಂಡಿತು. ಮಗಳು ಮುಟ್ಟಾಗಿದ್ದಳು. ಆ ದಿನಗಳಲ್ಲಿ ಹೆಂಗಸು ನಮಾಜು ಮಾಡುವುದಿಲ್ಲ.

"ಚಾಪೆ ಮೇಲೆ ಮಲಗಿಸಿದೋನಿಗೆ ಇದು ಗೊತ್ತಿರ್ಲಿಲ್ಲ," ಎಂದಳು ತಾಯಿ. ಗಂಡನಿಗಾದರೆ ಗೊತ್ತಿರುತ್ತಿತ್ತು. ಗೊತ್ತಿಲ್ಲದ ಗಂಡಸು ಆ ಮನೆಯಲ್ಲಿ ಒಬ್ಬರೇ.

ರಂಜಾನಿಗೆ ಬಂದಿದ್ದಾಗ ಮಗಳು ಅಂದಿದ್ದಳು: "ಅಮ್ಮೀ, ಮಾವ ಇರೋ ಮನೇಲಿ ನಾನು ಒಬ್ಳೇ ಇರಲ್ಲ." ತಂದೆಯಂಥವರ ಬಗ್ಗೆ ಇದೆಂಥ ಮಾತು ಎಂದು ಬೈದು ಬಸ್ಸು ಹತ್ತಿಸಿದ್ದಳು ವಜೀರುನ್ನೀಸಾ. ಈಗ ಚೊಂಬು ಕೆಳಗಿಟ್ಟು ಪರದೆಯತ್ತ ಎದ್ದಳು.

"ಸುಮ್ನಿರು ಆಪಾ," ಷಮೀಮ್ ಬೀ ಕೈ ಹಿಡಿದಳು. "ತೊಳೆಯೋರು ಕಂಡಿದ್ದು ಹೊರಗೆ ಹೇಳಬಾರ್ದು. ಸತ್ತೋರ ಐಬು-ಕುಂದು ಮುಚ್ಚಬೇಕು."

"ಇದು ಸತ್ತೋಳ ಐಬಲ್ಲ ಕಣೇ, ಕೊಂದೋನ್ದು."

ಕಫನ್ ಬಟ್ಟೆ ಉಡಿಸಿದ ಮೇಲೆ ಜನಾಜಾದ ಮಂಚ ಅಂಗಳಕ್ಕೆ ಬಂತು. ಮುಂದೆ ಹೆಗಲು ಕೊಡಲು ಉಸ್ಮಾನ್ ಸಾಬರೇ ನಿಂತಿದ್ದರು. ವಜೀರುನ್ನೀಸಾ ಬಾಗಿಲ ಪರದೆ ಸರಿಸಿ, ಹುಟ್ಟಿದಾಗಿನಿಂದ ಗಂಡಸರೆದುರು ಆಡದ ಮಾತನ್ನು ಕೂಗಿ ಹೇಳಿದಳು: "ನನ್ನ ಮಗಳು ಮುಟ್ಟಾಗಿದ್ಲು! ನಮಾಜಿಗೆ ಹೇಗೆ ನಿಲ್ತಾಳೆ? ಉಸಿರು ಕಟ್ಟಿಸಿ ಕೊಂದು ತಂದು ಮಲಗಿಸಿದಾರೆ!"

ಅಂಗಳದಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಅರ್ಥವಾಯಿತಲ್ಲ ಎಂದುಕೊಂಡಳು, ಪಾಪ. ಅವರಿಗೆ ನಾಚಿಕೆಯಾದದ್ದು ಕೊಲೆಗಲ್ಲ, ಆ ಮಾತಿಗೆ. "ತೌಬಾ, ತೌಬಾ! ದುಃಖಕ್ಕೆ ತಲೆ ಕೆಟ್ಟಿದೆ, ಒಳಗೆ ಕರ್ಕೊಂಡ್ಹೋಗಿ," ಎಂದರು ಯಾರೋ. ಅವಳ ಗಂಡ ಅಮಾನುಲ್ಲಾನೇ ಅವಳ ರಟ್ಟೆ ಹಿಡಿದು ಎಳೆದ.

ಬಷೀರ್ ಒಬ್ಬ ತಲೆ ಎತ್ತಿ ತಂದೆಯನ್ನು ನೋಡಿದ. ಹೆಂಡತಿ ಮುಟ್ಟಾಗಿದ್ದದ್ದು ಅವನಿಗೆ ಗೊತ್ತಿತ್ತು; ಅತ್ತೆ ಹೇಳಿದ್ದು ನಿಜ. ಉಸ್ಮಾನ್ ಸಾಬ್ ಕಣ್ಣು ತಪ್ಪಿಸಿದರು.

ಬಷೀರ್ ಬಗ್ಗಿ ಜನಾಜಾದ ಹಿಂದಿನ ಕಾಲಿಗೆ ಹೆಗಲು ಕೊಟ್ಟ.

"ಎತ್ತಿ ಅಬ್ಬಾ," ಎಂದ. "ಹೊತ್ತಾಗ್ತಿದೆ."