ಗಂಗರತ್ನಳ ಹೊಟ್ಟೆನೋವು

ಬೆಂಗಳೂರಿನ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಗಂಗರತ್ನಳ ಗರ್ಭದೊಳಗೆ, ಲ್ಯಾಬಿನಲ್ಲಿ ಬೆಳೆಸಿದ ಭ್ರೂಣ ಇಟ್ಟು ಕಳಿಸಿದ್ದರು. ಮದುವೆಯಾಗಿ ಹನ್ನೊಂದು ವರ್ಷ. ಶಿವಗಂಗೆ ಬೆಟ್ಟ ಹತ್ತಿ ಹತ್ತಿ ನನ್ನ ಮಂಡಿ ಸವೆದಿತ್ತೇ ಹೊರತು ತೊಟ್ಟಿಲು ಕಟ್ಟುವ ಯೋಗ ಬಂದಿರಲಿಲ್ಲ. "ಮಾಮೂಲಿನಂತೆ ಓಡಾಡಿಕೊಂಡಿರಿ" ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ನಮ್ಮ ಹಳ್ಳಿ ಮಧುರೆಯ ಮನೆಯಲ್ಲಿ ನಡೆಯುವುದು ನನ್ನ ಅವ್ವ ಅಮ್ಮಯಮ್ಮನ ಮಾತು.

"ರಾಗಿ ಪೈರು ನಾಟಿ ಮಾಡಿದ್ಮೇಲೆ ಬೇರು ಬಿಡೋಗಂಟ ಯಾರಾದ್ರೂ ಅಲ್ಲಾಡಿಸ್ತಾರೇನ್ಲಾ?" ಎಂದು ಅವ್ವ ಮಂಚದ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ತಲೆ ತಗ್ಗಿಗೆ ಬರುವಂತೆ ಸೊಸೆಯನ್ನು ಮಲಗಿಸಿದಳು. ಸಾಲದ್ದಕ್ಕೆ ಅದು ಅವರೆಕಾಯಿ ಕಾಲ. ನೋಡಲು ಬಂದ ಹೆಂಗಸರೆಲ್ಲ ಹಿತಕಿದ ಬೇಳೆ ಸಾರು ತಂದರು. ಮಡಿಲು ತುಂಬಬೇಕಾದವಳು, ಕೊಟ್ಟದ್ದನ್ನು ಬೇಡ ಎನ್ನುವಂತಿಲ್ಲ. ಪಾಪ, ಮಲಗಿದಲ್ಲೇ ಎಲ್ಲವನ್ನೂ ಉಂಡಳು.

ಎರಡು ದಿನ ಕಳೆಯುವುದರೊಳಗೆ ಹೊಟ್ಟೆ ಹಿಂಡತೊಡಗಿತು. "ಹೋಯ್ತು ಕಣ್ರೀ, ಜಾರೋಯ್ತು" ಎಂದು ಅಳತೊಡಗಿದಳು. ಆಸ್ಪತ್ರೆಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಓಡಿದೆ.

ರಕ್ತ ಹೋಗ್ತಿದೆಯಾ, ವಾಂತಿ ಇದೆಯಾ, ಉಸಿರಾಡೋಕೆ ಕಷ್ಟವಾ ಎಂದು ಡಾಕ್ಟರಮ್ಮ ಕೇಳಿದರು. ಎಲ್ಲಕ್ಕೂ ಇಲ್ಲ ಎಂದೆ. ಊಟದ ವಿಷಯ ಹೇಳಿದೆ. ಇಟ್ಟಿಗೆಯ ವಿಷಯ ಹೇಳುವಾಗ ಬೂತಿನ ಮುನಿಸ್ವಾಮಿ ಕಿವಿ ನೆಟ್ಟಗೆ ಮಾಡಿಕೊಂಡ. ಆ ಕಡೆ ಡಾಕ್ಟರಮ್ಮ ನಗು ನುಂಗಿಕೊಂಡಂತೆ ಕೇಳಿಸಿತು.

"ನೋವು ಬಂತು ಅಂದ್ರೆ ಹೋಯ್ತು ಅಂತ ಅಲ್ಲ. ಸ್ವಲ್ಪ ನೋವು ಎಷ್ಟೋ ಜನಕ್ಕೆ ಬರುತ್ತೆ. ಮೊದಲು ಎಬ್ಬಿಸಿ ಓಡಾಡಿಸಿ. ನೋವು ಜಾಸ್ತಿ ಆದ್ರೆ, ಹೊಟ್ಟೆ ಊದಿಕೊಂಡ್ರೆ ತಕ್ಷಣ ಕರ್ಕೊಂಡ್ ಬನ್ನಿ."

ಮನೆಗೆ ಬಂದು ಹೇಳಿದರೆ ಗಂಗರತ್ನ ಏಳಲೊಲ್ಲಳು. "ಎದ್ರೆ ಬಿದ್ದೋಗುತ್ತೆ" ಎಂದು ಮಂಚದ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನನಗೆ ರೇಗಿತು. ಅವ್ವ ನನ್ನನ್ನು ಆಚೆ ತಳ್ಳಿ, ಇಟ್ಟಿಗೆಗಳನ್ನು ತಾನೇ ತೆಗೆದು, ಸೊಸೆಯ ತೋಳು ಹಿಡಿದಳು. "ಏಳವ್ವ. ನಂಗೆ ತಿಳೀದೆ ಮಾಡ್ಬಿಟ್ಟೆ."

ಹಜಾರ ದಾಟಿ ಅಂಗಳಕ್ಕೆ ಬರುವಷ್ಟರಲ್ಲಿ ತಡೆದಿದ್ದ ವಾಯು ಊರಿಗೇ ಕೇಳುವಂತೆ ಹೊರಬಿತ್ತು. ಅವ್ವ ಹೊಟ್ಟೆ ಹಿಡಿದು ನಕ್ಕಳು. ನಾಚಿಕೊಂಡು ಗಂಗರತ್ನಳೂ ನಕ್ಕಳು. ನೋವು ತಗ್ಗಿತೆಂದಳು. ನಗುತ್ತಿದ್ದವಳು ಇದ್ದಕ್ಕಿದ್ದಂತೆ ಅವ್ವನ ಕೈ ಹಿಡಿದು ಕೇಳಿದಳು:

"ಅತ್ತೆ, ಇದೂ ನಿಲ್ಲದಿದ್ರೆ?"

"ನಿಲ್ಲದಿದ್ರೆ ಬ್ಯಾಡ. ನೀನಿದ್ದೀಯಲ್ಲ."

ಈ ಒಂದು ಮಾತಿಗಾಗಿ ಅವಳು ಹನ್ನೊಂದು ವರ್ಷ ಕಾದಿದ್ದಳೆಂದು ನನಗೆ ಆಗ ತಿಳಿಯಿತು.