ಕುರ್ಚಿಯ ಕೈ ಜಗಳ

ಮೇಲ್ಮನೆಗೊಂದು ಕಾಲ, ಕೆಳಮನೆಗೊಂದು ಕಾಲ. ನಡುವೆ ಮಸೂದೆ ಹೊರುವವನಿಗೆ ಇರುವುದು ಎರಡೇ ಕಾಲು, ಎರಡೂ ನೋವು. ಗಾದೆ ಕೆಟ್ಟರೂ ಕಥೆ ಮಾತ್ರ ನಿಜ.

ಸಂಸತ್ತಿನ ಸಂದೇಶ ಗುಮಾಸ್ತ ಕೆಂಪು ಫೈಲನ್ನು ಕಂಕುಳಲ್ಲಿ ಇರುಕಿಕೊಂಡು ಅರವತ್ತೆರಡನೇ ಮೆಟ್ಟಿಲ ಮೇಲೆ ನಿಂತು ಏದುಸಿರು ಬಿಡುತ್ತಿದ್ದ. ಬೆಳಗಿನಿಂದ ಇದು ಐದನೇ ಸಲ. ಒಂದು ಮನೆಯ ಮಸೂದೆಯನ್ನು ಇನ್ನೊಂದು ಮನೆಗೆ ಕೈಯಾರೆ ಒಯ್ಯಬೇಕು, ಬಾಗಿಲಲ್ಲಿ ಮೂರು ಸಲ ಬಾಗಬೇಕು, ಅವರು ತೀರ್ಮಾನಿಸುವ ತನಕ ಕೂರಬಾರದು. ಹಳೇ ಪದ್ಧತಿ. ಫೈಲಿನೊಳಗೆ ಇದ್ದದ್ದು ಅಂಗಡಿ ಕೆಲಸಗಾರರಿಗೆ ಕೂರಲು ಆಸನ ಕೊಡಬೇಕೆಂಬ ಮಸೂದೆ.

ಬೆಳಿಗ್ಗೆ ಕೆಳಮನೆ ‘ಸ್ಟೂಲು’ ಎಂದು ಒಪ್ಪಿ ಕಳಿಸಿತು. ಮೇಲ್ಮನೆ ‘ಬೆನ್ನೊರಗಿರುವ ಕುರ್ಚಿ’ ಎಂದು ತಿದ್ದಿತು. ಕೆಳಮನೆ ಬೆನ್ನಿಗೆ ಒಪ್ಪಿ, ಕುರ್ಚಿಗೆ ಕೈ ಬೇಡ ಎಂದಿತು. ಕೈಯನ್ನು ಯಾರೂ ಕೇಳಿರಲೇ ಇಲ್ಲ. ಆ ಸಿಟ್ಟಿಗೆ ಮೇಲ್ಮನೆ ಎರಡು ಕೈ ಸೇರಿಸಿತು. ಕೆಳಮನೆ ಈಗ ಅವನ್ನು ಕಿತ್ತು ಹಾಕಿತ್ತು. ಐದು ಗಂಟೆಗೆ ಕೆಳಮನೆ ವಿಸರ್ಜನೆ. ಅಷ್ಟರೊಳಗೆ ಇಬ್ಬರೂ ಒಂದೇ ಮಾತಿಗೆ ಬರದಿದ್ದರೆ ಮಸೂದೆ ಸತ್ತಂತೆ.

ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಬಟ್ಟೆ ಅಂಗಡಿಯಲ್ಲಿ ದಿನಕ್ಕೆ ಹತ್ತು ತಾಸು ನಿಂತು, ಕಾಲಿನ ನರಗಳು ಹಗ್ಗದಂತೆ ಉಬ್ಬಿದ್ದ ಹೆಂಡತಿ.

“ಏನ್ರೀ, ಆಯ್ತಾ?”

“ಎಲ್ಲಿ ಆಗುತ್ತೆ! ಇನ್ನೂ ಕೈ ಕೈ ಮಿಲಾಯಿಸ್ತಿದಾರೆ. ಕುರ್ಚಿ ಕೈ.”

“ಎರಡು ಮನೆ ಯಾತಕ್ಕೆ ಬೇಕಿತ್ತೋ!”

“ಒಂದು ಅಡುಗೆ ಮಾಡುತ್ತೆ, ಇನ್ನೊಂದು ಉಪ್ಪು ನೋಡುತ್ತೆ ಕಣೇ. ತೆರಿಗೆ ವಿಷಯವಾದ್ರೆ ಕೆಳಗಿನವರದ್ದೇ ಕೊನೇ ಮಾತು. ಮಿಕ್ಕಿದ್ದಕ್ಕೆಲ್ಲ ಇಬ್ಬರೂ ಹೂಂ ಅನ್ನಬೇಕು.”

“ಉಪ್ಪು ನೋಡ್ತಾ ನೋಡ್ತಾ ಪಾತ್ರೇನೇ ಖಾಲಿ ಮಾಡ್ತಾರೆ ಬಿಡಿ. ಮಾಲೀಕರು ಬಂದ್ರು, ಇಡ್ತೀನಿ.”

ಮೇಲ್ಮನೆಯ ಬಾಗಿಲಲ್ಲಿ ಮೂರು ಸಲ ಬಾಗಿದ. ಮೂರನೆಯ ಸಲ ಸೊಂಟ ಮೇಲೇಳಲು ತಕರಾರು ತೆಗೆಯಿತು. ಫೈಲು ಒಳಗೊಯ್ದವಳು ಶೀಘ್ರಲಿಪಿಗಾರ್ತಿ. ಸಭಾಪತಿಗಳ ಮಾತು ಬರೆದು ಬರೆದು ಅವರ ಗಂಟಲೇ ತನಗೆ ಬಂದುಬಿಟ್ಟಿದೆ ಎಂದು ನಗಾಡುವವಳು. ಬಾಗಿಲ ಪರದೆ ಮುಚ್ಚಿತು. ಗುಮಾಸ್ತ ಗೋಡೆಗೆ ಒರಗದೆ ನಿಂತ. ಗಡಿಯಾರ ನಾಲ್ಕೂವರೆ ದಾಟಿ, ನಾಲ್ಕೂಮುಕ್ಕಾಲನ್ನೂ ದಾಟಿತು.

ಬಾಗಿಲ ಪರದೆಯ ಹಿಂದಿನಿಂದ ಸಭಾಪತಿಗಳ ಗೊಗ್ಗರು ದನಿ ಕೇಳಿತು: “ಹ್ಞಾಂ… ಸದರಿ ಕುರ್ಚಿಗೆ… ನಾಲ್ಕು ಚಕ್ರಗಳು ಇರತಕ್ಕದ್ದು. ಫೈಲನ್ನು ಕೆಳಗೆ ಒಯ್ಯತಕ್ಕದ್ದು.”

ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಏರದ ಗುಮಾಸ್ತನ ದನಿ ಏರಿತು.

“ಚಕ್ರವಾ ಸ್ವಾಮಿ? ಹಾಗಿದ್ರೆ ನನ್ನ ಕಾಲಿಗೂ ಎರಡು ಹಾಕಿಸಿ! ಉಪ್ಪು ನೋಡಿದ್ದು ಸಾಕು! ನನ್ನ ಹೆಂಡ್ತಿಗೆ ಕೈ ಬೇಡ, ಚಕ್ರ ಬೇಡ, ಕೂರೋಕೆ ಜಾಗ ಬೇಕು, ಅಷ್ಟೇ!”

ಪರದೆ ಸರಿಯಿತು. ಶೀಘ್ರಲಿಪಿಗಾರ್ತಿ ತನ್ನದೇ ಕುರ್ಚಿಯನ್ನು ಎಳೆದುಕೊಂಡು ಬಂದಳು. ಅದರ ಮೇಲೆ ಕೆಂಪು ಫೈಲು. ಫೈಲಿನ ಮೇಲೆ ಹಸಿ ಮುದ್ರೆ: ಕೆಳಮನೆ ಕಳಿಸಿದಂತೆಯೇ ಅಂಗೀಕೃತ.

“ಕೂತ್ಕೊಳ್ಳಿ ಅಣ್ಣಾ,” ಎಂದಳು ಅದೇ ಗೊಗ್ಗರು ದನಿಯಲ್ಲಿ. “ತೀರ್ಮಾನ ಆಯ್ತು, ಪದ್ಧತಿ ಮುರಿಯಲ್ಲ.”

ಅವಳ ಬೆನ್ನ ಹಿಂದೆ, ಗಲಾಟೆ ಕೇಳಿ ಎದ್ದು ಬಂದ ಅಸಲಿ ಸಭಾಪತಿಗಳು ನಿಂತಿದ್ದರು. “ಹ್ಞಾಂ… ಚಕ್ರ ಅಂದವರು ಯಾರು?”

ಬಾಗಿಲ ಕಾವಲಿನವರು ನಕ್ಕರು, ಅವಳು ನಕ್ಕಳು, ಸಭಾಪತಿಗಳೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗುಮಾಸ್ತ. ಆ ನಗು ಮೆಟ್ಟಿಲಿಳಿದು ಕೆಳಮನೆಯ ಬಾಗಿಲನ್ನೂ ತಟ್ಟಿತು. ನಗುತ್ತಲೇ ಕೂತ. ನೆಲಕ್ಕೆ ಊರಿದ ಎರಡೂ ಕಾಲು ಇನ್ನೂ ನೋಯುತ್ತಿದ್ದವು.