ಎರಡು ನೂಲು

ಬಡಗಿಯನ್ನು ಬೀದಿಯವರೆಲ್ಲ ನೂಲು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅಂಗುಲದ ಎಂಟನೇ ಒಂದು ಪಾಲಿಗೆ ಬಡಗಿಗಳು ಒಂದು ನೂಲು ಎನ್ನುತ್ತಾರೆ. ತನ್ನ ಕೆಲಸದಲ್ಲಿ ಅರ್ಧ ನೂಲು ಆಚೀಚೆಯಾದರೆ ಕೀಸುಳಿ ಹಿಡಿಯುವುದನ್ನೇ ಬಿಡುತ್ತೇನೆಂದು ಅವನು ಬೀಗುತ್ತಿದ್ದ. ಅವನ ಹೆಂಡತಿಗೆ ನೂಲು ಎಂದರೆ ಸೂಜಿಗೆ ಪೋಣಿಸುವುದು, ಅಷ್ಟೇ.

ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ಅವಳ ಸೊಂಟ ಒಂದು ದಿನ ಮುಷ್ಕರ ಹೂಡಿತು. ಬಾಗಿಲಿನ ಕೀಲಾಗಿದ್ದರೆ ಮೇಸ್ತ್ರಿ ಎಣ್ಣೆ ಬಿಟ್ಟು ಸರಿಮಾಡುತ್ತಿದ್ದ. ಹೆಂಡತಿಯ ಕೀಲಿಗೆ ಏನು ಮಾಡುತ್ತಾನೆ? ಅವಳೇ ಯೋಗದ ತರಗತಿಗೆ ಸೇರಿದಳು. ಕಲಿಸುವವರು ನಿವೃತ್ತ ನರ್ಸಮ್ಮ. ಮೊದಲ ದಿನವೇ ಹೇಳಿದ್ದರು: "ಮಂಡಿ ಚುರ್ ಅಂದ್ರೆ ಎದ್ದುಬಿಡಿ. ಅಲ್ಲಿ ಶೂರತನ ತೋರಿಸೋರು ನನ್ನ ಹತ್ರ ಬರ್ಬೇಡಿ."

ಅವಳ ಕಣ್ಣು ಬಿದ್ದದ್ದು ಪಾರಿವಾಳದ ಆಸನದ ಮೇಲೆ. ಒಂದು ಕಾಲನ್ನು ಮುಂದೆ ಮಡಿಸಿ, ಇನ್ನೊಂದನ್ನು ಹಿಂದಕ್ಕೆ ಚಾಚಿ, ಕೊನೆಗೆ ಆ ಹಿಂದಿನ ಪಾದವನ್ನು ಮೇಲೆತ್ತಿ ಎರಡೂ ಕೈಗಳಿಂದ ತಲೆಯ ಹಿಂದೆ ಹಿಡಿಯಬೇಕು. ಮಡಿಸಿದ ಕಾಲಿನ ಕಡೆಯ ಪಿರ್ರೆ ನೆಲ ಮುಟ್ಟದಿದ್ದರೆ ಕೆಳಗೆ ಆಸರೆ ಬೇಕು, ಇಲ್ಲವಾದರೆ ಭಾರವೆಲ್ಲ ಮಂಡಿಯನ್ನು ತಿರುಚುತ್ತದೆ. ಮೇಸ್ತ್ರಿ ನಾಲ್ಕು ಅಂಗುಲ ದಪ್ಪದ ಮಣೆ ಮಾಡಿಕೊಟ್ಟ. ಎರಡು ತಿಂಗಳಿಗೊಮ್ಮೆ ಅವಳು ಅದನ್ನು ತಂದು, "ಒಂದು ನೂಲು ಕೀಸಿಕೊಡಿ, ರೀ" ಎನ್ನುತ್ತಿದ್ದಳು. ಸುಮಾರು ಮೂರು ವರ್ಷದಲ್ಲಿ ಮಣೆ ಎರಡು ಅಂಗುಲಕ್ಕೆ ಇಳಿದಿತ್ತು. ಎಂಥ ತಾಳ್ಮೆ! ಕಟ್ಟಿಕೊಂಡ ಗಂಡನಿಗೂ ಅದರಲ್ಲಿ ಪಾಲು ಸಿಕ್ಕಿರಲಿಲ್ಲ.

ಭಾನುವಾರ ಶಾಲೆಯ ಸಭಾಂಗಣದಲ್ಲಿ ತರಗತಿಯವರ ಪ್ರದರ್ಶನವಿತ್ತು. ಹಿಂದಿನ ದಿನ ಅವಳ ತಮ್ಮ ಬಂದು ಮಣೆಯನ್ನು ಕಂಡು ನಕ್ಕ. "ಆಸನ ಅಂದ್ರೆ ಕುರ್ಚಿ ತಾನೇ ಭಾವ? ಅಕ್ಕಂಗೆ ಒಂದು ಕುರ್ಚೀನೇ ಮಾಡ್ಕೊಟ್ಬಿಡಿ!"

ಅವಳೂ ನಕ್ಕಳು. ಮೇಸ್ತ್ರಿಗೆ ಮಾತ್ರ ಚುಚ್ಚಿತು. ಭಾನುವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಕೀಸುಳಿ ತೆಗೆದ. ತೆಳ್ಳಗಿದ್ದರೆ ನೋಡುವವರ ಕಣ್ಣಿಗೆ ಬೀಳುವುದಿಲ್ಲ. ಎರಡೇ ನೂಲಿಗೆ ಆಕಾಶವೇನು ಕಳಚಿ ಬೀಳುತ್ತದೆಯೇ?

ವೇದಿಕೆಯ ಮೇಲೆ ಅವಳು ಕಾಲು ಮಡಿಸಿ ಮಣೆಯ ಮೇಲೆ ಭಾರ ಬಿಟ್ಟಳು. ಹುಬ್ಬು ಗಂಟಿಕ್ಕಿತು. ಮೇಸ್ತ್ರಿ ಕೂತಲ್ಲೇ ಮುಂದಕ್ಕೆ ಬಾಗಿದ. ಮಂಡಿ ಹೋದರೆ ಹೊಲಿಗೆ ಹೋಯಿತು, ಮೂರು ವರ್ಷದ ಸಾಧನೆಯೂ ನೀರಿನಲ್ಲಿ ಹೋಮ. ಅಷ್ಟು ಜನರೆದುರು ಹಠಕ್ಕೆ ಬಿದ್ದು ಕೂತೇಬಿಟ್ಟರೆ?

ಅವಳು ಎದ್ದುಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ರೀ, ನಿಮ್ಮ ಹೆಗಲ ಮೇಲಿನ ಟವೆಲ್ ಕೊಡಿ ಇಲ್ಲಿ" ಎಂದಳು, ಮನೆಯಂಗಳದಲ್ಲಿ ಕೂಗಿದಂತೆ.

ಅವನು ತಲೆ ತಗ್ಗಿಸಿ ಹೋಗಿ ಕೊಟ್ಟ. ಅವಳು ಅದನ್ನು ಬಟ್ಟೆ ಮಡಿಸುವ ಕೈಯಲ್ಲೇ ನೀಟಾಗಿ ಮಡಿಸಿ, ಮಣೆಯ ಮೇಲೆ ಹಾಸಿ ಮತ್ತೆ ಕೂತಳು. ಈ ಸಲ ಹುಬ್ಬು ಸಡಿಲವಾಗಿತ್ತು. ಹಿಂದಿನ ಪಾದ ನಿಧಾನವಾಗಿ ಮೇಲೆದ್ದಿತು, ಎದೆ ಅರಳಿತು, ಎರಡೂ ಕೈಗಳು ತಲೆಯ ಹಿಂದೆ ಪಾದವನ್ನು ಹಿಡಿದವು. ಸಭಾಂಗಣವೆಲ್ಲ ಚಪ್ಪಾಳೆ. ಮೇಸ್ತ್ರಿಯ ಕಣ್ಣು ತುಂಬಿ ಬಂತು. ಆಸನವೇನೋ ಚೆಂದವೇ, ಆದರೆ ಅಷ್ಟು ಜನರೆದುರು ನಾಚದೆ ಎದ್ದು ನಿಂತಳಲ್ಲ, ಆ ಗಟ್ಟಿತನ ತನಗೆ ಜನ್ಮದಲ್ಲಿ ಬರುವುದಿಲ್ಲ ಎನಿಸಿತು.

ಮನೆಗೆ ಬಂದ ಮೇಲೆ ಅವಳು ಮಣೆಯನ್ನು ತಿರುಗಿಸಿ ನೋಡಿದಳು. "ಎರಡು ನೂಲು ಕೀಸಿದೀರ."

"ಟೇಪ್ ಹಿಡಿದು ನೋಡ್ದ್ಯಾ?"

"ಯಾವ ಟೇಪೂ ಬೇಡ. ಕೂತ ತಕ್ಷಣ ಗೊತ್ತಾಯ್ತು."

"ತಪ್ಪಾಯ್ತು ಕಣೇ. ಯಾರೂ ನಿನ್ನ ನೋಡಿ ನಗಬಾರ್ದು ಅಂತ..." ಅವನು ಮಣೆಗೆ ಕೈ ಚಾಚಿದ. "ಹೊಸದು ಮಾಡ್ಕೊಡ್ತೀನಿ. ಇದನ್ನ ಒಲೆಗೆ ಹಾಕ್ತೀನಿ, ಕೊಡು."

ಅವಳು ಕೊಡಲಿಲ್ಲ. ಹೊಲಿಗೆ ಯಂತ್ರದ ಡ್ರಾಯರ್ ಎಳೆದು, ನೂಲಿನ ಉಂಡೆಗಳನ್ನು ಪಕ್ಕಕ್ಕೆ ಸರಿಸಿ, ಮಣೆಯನ್ನು ಒಳಗಿಟ್ಟಳು.

"ಇರ್ಲಿ ಬಿಡಿ. ಇನ್ನು ನಾಲ್ಕು ತಿಂಗಳಿಗೆ ಇದೇ ಸರಿಹೋಗುತ್ತೆ."